ಆರರಲ್ಲಿ ಐದು ಸಮ, ಆದರೂ ಬೇರೆ ಬೇರೆ

ಹೋದ ತಿಂಗಳು ಒಂದು ಸಂಜೆ ಅಣ್ಣನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಜಗಲಿ ಮೇಲೆ ಹಾಕಿ, ಕಾಲು ಕೂಡ ತೊಳೆಯದೆ, ಒಂದು ಉತ್ತರಪತ್ರಿಕೆ ತಂದು ನನ್ನ ಮುಂದೆ ಹಿಡಿದಳು. ಒಂಬತ್ತನೇ ಕ್ಲಾಸು, ತ್ರಿಭುಜಗಳ ಪಾಠದ ಮೇಲೆ ಕಿರುಪರೀಕ್ಷೆ. "ಎಲ್ಲಾ ಸರಿ ಇದೆ ಅತ್ತೆ, ಇದೊಂದಕ್ಕೆ ಮಾತ್ರ ಇಂಟು" ಅಂದಳು. ಪ್ರಶ್ನೆ ಹೀಗಿತ್ತು: ಎರಡು ತ್ರಿಭುಜಗಳ ಆರು ಅಂಶಗಳಲ್ಲಿ (ಮೂರು ಬಾಹು, ಮೂರು ಕೋನ) ಐದು ಅಂಶಗಳು ಸಮವಾಗಿದ್ದರೆ ಆ ತ್ರಿಭುಜಗಳು ಸರ್ವಸಮ (ಅಂದರೆ ಒಂದರ ಮೇಲೊಂದು ಸರಿಯಾಗಿ ಕೂರುವಂಥವು), ಸರಿಯೋ ತಪ್ಪೋ? ಅವಳು ತಪ್ಪು ಅಂತ ಬರೆದಿದ್ದಳು.

ನಾನು ಪೇಪರ್ ನೋಡಿ, "ಇದು ಸರಿನೇ ಅಲ್ವಾ ಪುಟ್ಟಿ, ಮೂರು ಸಮ ಇದ್ದರೇ ಸರ್ವಸಮ ಆಗುತ್ತೆ, ಇನ್ನು ಐದು ಇದ್ದರೆ ಕೇಳಬೇಕಾ" ಅಂದೆ.

"ಮೂರು ಅಂದ್ರೆ ಯಾವ ಮೂರಾದರೂ ಆಗಲ್ಲ ಅಲ್ವಾ ಅತ್ತೆ? ಮೂರು ಕೋನ ಸಮ ಇದ್ದರೆ ಸರ್ವಸಮ ಅಲ್ಲ. ಇಲ್ಲಿ ಯಾವ ಬಾಹುಗೆ ಯಾವ ಬಾಹು ಸಮ ಅಂತ ಹೇಳೇ ಇಲ್ಲ."

ಅವಳ ಹತ್ತಿರ ಉದಾಹರಣೆ ಇರಲಿಲ್ಲ. ಅನುಮಾನ ಮಾತ್ರ ಇತ್ತು. ಆದರೆ ಆ ಅನುಮಾನ ನನ್ನನ್ನು ಬಿಡಲಿಲ್ಲ.

ನಮ್ಮದು ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಣ್ಣನ ಮನೆ, ನಮ್ಮ ಮನೆ ಎದುರುಬದುರು. ಅಣ್ಣ ಟೊಮೆಟೊ ಬೆಳೆಯುತ್ತಾನೆ. ಎಪಿಎಂಸಿಗೆ ಎಷ್ಟು ಬಾಕ್ಸ್ ಹೋಯಿತು, ಯಾವ ರೇಟಿಗೆ ಹೋಯಿತು ಅನ್ನೋ ಲೆಕ್ಕ ನಾನು ಬರೆದಿಡುತ್ತೇನೆ. ಬಿಎಸ್ಸಿಯಲ್ಲಿ ಗಣಿತ ಓದಿದ್ದರಿಂದ ಸಂಜೆ ಹೊತ್ತು ಏಳೆಂಟು ಮಕ್ಕಳಿಗೆ ಪಾಠಾನೂ ಹೇಳಿಕೊಡುತ್ತೇನೆ. ಆವತ್ತು ರಾತ್ರಿ ಬಾಕ್ಸಿನ ಲೆಕ್ಕ ಮುಗಿಸಿದ ಮೇಲೆ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೂತು ಬರೆಯೋಕೆ ಶುರು ಮಾಡಿದೆ.

ಐದು ಸಮ ಅಂದರೆ ಎರಡೇ ಥರ ಇರೋಕೆ ಸಾಧ್ಯ. ಮೂರು ಬಾಹು, ಎರಡು ಕೋನ ಸಮ ಅಂದರೆ ಅಲ್ಲಿಗೆ ಮುಗಿಯಿತು. ಮೂರು ಬಾಹು ಸಮ ಇದ್ದರೆ ತ್ರಿಭುಜ ಒಂದೇ, ಮಾತಿಲ್ಲ. ಇನ್ನೊಂದು, ಮೂರು ಕೋನ ಮತ್ತು ಎರಡು ಬಾಹು ಸಮ ಇರೋದು. ಅನುಮಾನ ಇರೋದು ಇಲ್ಲಿ. ಮೂರು ಕೋನ ಸಮ ಅಂದರೆ ಎರಡೂ ಸಮರೂಪ, ಒಂದನ್ನು ಹಿಗ್ಗಿಸಿದರೆ ಇನ್ನೊಂದು ಬರುತ್ತದೆ. ಒಂದು ಚಿಕ್ಕದು, ಒಂದು ದೊಡ್ಡದು ಅಂತ ಇಟ್ಟುಕೊಳ್ಳೋಣ. ಚಿಕ್ಕ ತ್ರಿಭುಜದ ಅತಿ ಚಿಕ್ಕ ಬಾಹು ದೊಡ್ಡ ತ್ರಿಭುಜದ ಯಾವ ಬಾಹುಗೂ ಸಮ ಆಗಲ್ಲ, ಯಾಕೆಂದರೆ ಅಲ್ಲಿರುವುದೆಲ್ಲ ಅದಕ್ಕಿಂತ ಉದ್ದ. ದೊಡ್ಡ ತ್ರಿಭುಜದ ಅತಿ ದೊಡ್ಡ ಬಾಹುಗೂ ಇಲ್ಲಿ ಜೋಡಿ ಸಿಗಲ್ಲ. ಹಾಗಾಗಿ ಈ ಕಡೆ ಉಳಿಯೋದು ಎರಡು, ಆ ಕಡೆ ಉಳಿಯೋದು ಎರಡು. ಚಿಕ್ಕದರ ನಡು ಬಾಹು ದೊಡ್ಡದರ ಚಿಕ್ಕ ಬಾಹುಗೆ ಸಮ ಆಗಬೇಕು, ಚಿಕ್ಕದರ ದೊಡ್ಡ ಬಾಹು ದೊಡ್ಡದರ ನಡು ಬಾಹುಗೆ ಸಮ ಆಗಬೇಕು. ಬೇರೆ ದಾರಿನೇ ಇಲ್ಲ. ಅಂದರೆ ಹಿಗ್ಗಿಸುವಾಗ ಪ್ರತಿಯೊಂದು ಬಾಹುವೂ ಒಂದೊಂದು ಮೆಟ್ಟಿಲು ಮೇಲೆ ಹತ್ತಬೇಕು. ಯಾವ ಸಂಖ್ಯೆಯಿಂದ ಗುಣಿಸಿದರೆ ಚಿಕ್ಕ ಬಾಹು ನಡು ಬಾಹು ಆಗುತ್ತದೋ ಅದರಿಂದಲೇ ಗುಣಿಸಿದರೆ ನಡು ಬಾಹು ದೊಡ್ಡದಾಗಬೇಕು.

ಅದು ಗುಣೋತ್ತರ ಶ್ರೇಢಿ! ಮೂರು ಬಾಹುಗಳೂ ಗುಣೋತ್ತರ ಶ್ರೇಢಿಯಲ್ಲಿರುವ ತ್ರಿಭುಜ ಬೇಕು. ಒಂದೂವರೆಯಿಂದ ಗುಣಿಸುತ್ತಾ ಹೋಗೋಣ ಅಂತ 8 ಬರೆದೆ. ಆಮೇಲೆ 12, 18, 27. ಒಂದು ತ್ರಿಭುಜಕ್ಕೆ 8, 12, 18. ಇನ್ನೊಂದಕ್ಕೆ 12, 18, 27. ಕೋನಗಳು ಮೂರೂ ಅವೇ. 12 ಎರಡರಲ್ಲೂ ಇದೆ, 18 ಎರಡರಲ್ಲೂ ಇದೆ. ಐದು ಸಮ. ಸರ್ವಸಮ ಅಲ್ಲ.

ಹುಡುಗಿ ಬರೆದ ಉತ್ತರವೇ ಸರಿ. ರಾತ್ರಿ ಹನ್ನೊಂದು ಗಂಟೆ ಆಗಿತ್ತು, ಇಲ್ಲದಿದ್ದರೆ ಎದುರುಮನೆ ಬಾಗಿಲು ತಟ್ಟುತ್ತಿದ್ದೆ.

ಬೆಳಿಗ್ಗೆ ಭಾನುವಾರ. ಮಕ್ಕಳಿಗೆ ಇಂಥದ್ದನ್ನು ಬೋರ್ಡ್ ಮೇಲೆ ಹೇಳಿದರೆ ತಲೆ ಆಡಿಸುತ್ತಾರೆ, ಅಷ್ಟೇ. ಕೈಗೆ ಸಿಗಬೇಕು. ತೆಂಗಿನ ಗರಿಯ ಪೊರಕೆ ಬಿಚ್ಚಿ ನೆಟ್ಟಗಿರುವ ಕಡ್ಡಿಗಳನ್ನು ಆರಿಸಿದೆವು. ಬುಡದ ಕಡೆ ದಪ್ಪ, ತುದಿ ಕಡೆ ಸಣ್ಣಗೆ ಬಳುಕುತ್ತದೆ, ಹಾಗಾಗಿ ಬುಡದ ಭಾಗವೇ ಬೇಕು. ಸ್ಕೇಲ್ ಪಕ್ಕ ಇಟ್ಟು, ಬ್ಲೇಡಿನಲ್ಲಿ ಗೀರು ಹಾಕಿ ಮುರಿದರೆ ನೀಟಾಗಿ ಬರುತ್ತದೆ. ಸುಮ್ನೆ ಮುರಿದರೆ ನಾರು ಎಳೆದುಕೊಂಡು ಬರುತ್ತದೆ, ಅಳತೆ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತದೆ. 8 ಸೆಂಟಿಮೀಟರಿನದು ಒಂದು, 12 ರದು ಎರಡು, 18 ರದು ಎರಡು, 27 ರದು ಒಂದು. ಮೂಲೆಗಳಿಗೆ ಕಡಲೆಕಾಳಿನಷ್ಟು ದಪ್ಪ ಜೇಡಿಮಣ್ಣಿನ ಉಂಡೆ. ಎರಡೂ ತ್ರಿಭುಜಗಳನ್ನು ನೆಲದ ಮೇಲೆ ಅಕ್ಕಪಕ್ಕ ಇಟ್ಟೆವು. ಅಮ್ಮ ಬಂದು, "ಇದ್ದ ಒಂದು ಪೊರಕೆನೂ ಬಿಚ್ಚಿಬಿಟ್ರಾ" ಅಂತ ಬೈದು ಹೋದಳು.

ಹುಡುಗಿ ಕೋನಮಾಪಕ ಇಟ್ಟು ಅಳೆದಳು. ದೊಡ್ಡ ಕೋನ 127, ನಡುವಿನದು 32, ಚಿಕ್ಕದು 21. ಮೂರನ್ನೂ ಕೂಡಿದರೆ 180. ಆ ಇನ್ನೊಂದು ತ್ರಿಭುಜಕ್ಕೆ ಹೋದಳು. 127, 32, 21. ಆಮೇಲೆ ಚಿಕ್ಕ ತ್ರಿಭುಜದ 12 ರ ಕಡ್ಡಿ ಕಿತ್ತು ದೊಡ್ಡದರ 12 ರ ಪಕ್ಕ ಇಟ್ಟಳು, 18 ನ್ನು 18 ರ ಪಕ್ಕ ಇಟ್ಟಳು. ಏನೂ ಮಾತಾಡಲಿಲ್ಲ. ಆ 12 ರ ಕಡ್ಡಿ ಒಂದು ಮನೆಯಲ್ಲಿ ನಡುವಿನದು, ಇನ್ನೊಂದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕದು. ಅದರ ಎದುರಿಗಿರುವ ಕೋನ ಇಲ್ಲಿ 32, ಅಲ್ಲಿ 21. ಬಾಕೋಬಾ (ಬಾಹು-ಕೋನ-ಬಾಹು), ಕೋಬಾಕೋ (ಕೋನ-ಬಾಹು-ಕೋನ) ಅಂತ ಸರ್ವಸಮದ ನಿಯಮ ಪಠಿಸುವಾಗ ನಡುವಿನ ಅಕ್ಷರ ಯಾಕೆ ನಡುವೆ ಇದೆ ಅಂತ ನಾನು ಎಷ್ಟು ವರ್ಷದಿಂದ ಹೇಳಿಕೊಡುತ್ತಾ ಬಂದಿದ್ದೇನೆ, ಆದರೆ ಇಷ್ಟು ಚೆನ್ನಾಗಿ ಕಣ್ಣಿಗೆ ಕಾಣೋ ಹಾಗೆ ತೋರಿಸಿದ್ದು ಇದೇ ಮೊದಲು.

ಸೋಮವಾರ ಅವಳು ಆ ಆರು ಕಡ್ಡಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಶಾಲೆಗೆ ತೆಗೆದುಕೊಂಡು ಹೋದಳು. ಮೇಷ್ಟ್ರು ತಾವೇ ಬೆಂಚಿನ ಮೇಲೆ ಜೋಡಿಸಿ, ಅಳೆದು ನೋಡಿ, ಅಂಕ ತಿದ್ದಿಕೊಟ್ಟರಂತೆ. ಒಂದು ಅಂಕ. ಆ ಒಂದು ಅಂಕದ ಖುಷಿ ಅವಳಿಗೆ ಒಂದು ವಾರ ಇತ್ತು. ನನಗೆ ಇನ್ನೂ ಇದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದೂವರೆಯಿಂದಲೇ ಯಾಕೆ ಗುಣಿಸಬೇಕು, ಎರಡರಿಂದ ಗುಣಿಸಿದರೆ ಏನು ಅಂತ ಟ್ಯೂಷನ್ ಮಕ್ಕಳು ಕೇಳಿದರು. ಗುಣಿಸಿ ನೋಡಿ ಅಂದೆ. 5, 10, 20 ರ ಕಡ್ಡಿ ಮುರಿದರು. 20 ರ ಕಡ್ಡಿ ನೆಲದ ಮೇಲೆ ಮಲಗಿದೆ, ಅದರ ಎರಡು ತುದಿಯಿಂದ 5 ರ ಕಡ್ಡಿ, 10 ರ ಕಡ್ಡಿ ಒಂದನ್ನೊಂದು ಮುಟ್ಟೋಕೆ ನೋಡುತ್ತವೆ, ಆಗಲ್ಲ. ಎರಡು ಬಾಹು ಸೇರಿ ಮೂರನೆಯದಕ್ಕಿಂತ ಜಾಸ್ತಿ ಇರಬೇಕು ಅನ್ನೋ ನಿಯಮ ಎಲ್ಲರಿಗೂ ಗೊತ್ತು. ಹಾಗಾದರೆ ಎಲ್ಲಿವರೆಗೆ ಹೋಗಬಹುದು?

ಗುಣಿಸುತ್ತಾ ಹೋಗುವ ಸಂಖ್ಯೆಯನ್ನು ಅನುಪಾತ ಅನ್ನೋಣ. ಚಿಕ್ಕ ಬಾಹು 1 ಅಂತ ಇಟ್ಟುಕೊಂಡರೆ ನಡುವಿನದು ಅನುಪಾತವೇ, ದೊಡ್ಡದು ಅನುಪಾತದ ವರ್ಗ. ಒಂದು ಮತ್ತು ಅನುಪಾತ ಕೂಡಿದರೆ ಅನುಪಾತದ ವರ್ಗಕ್ಕಿಂತ ಜಾಸ್ತಿ ಇರಬೇಕು. ಎರಡೂ ಸಮ ಆಗುವ ಗಡಿ ಯಾವುದು ಅಂತ ವರ್ಗಸಮೀಕರಣ ಬಿಡಿಸಿದರೆ 5 ರ ವರ್ಗಮೂಲಕ್ಕೆ 1 ಕೂಡಿ 2 ರಿಂದ ಭಾಗಿಸಿದಷ್ಟು, ಅಂದರೆ 1.618 ಚಿಲ್ಲರೆ. ಇದು ಎಲ್ಲರೂ ಸುವರ್ಣ ಅನುಪಾತ ಅಂತ ಕರೆಯುವ ಸಂಖ್ಯೆ. ಯೂಕ್ಲಿಡ್ ಕಾಲದಿಂದ, ಅಂದರೆ ಎರಡು ಸಾವಿರದ ಮುನ್ನೂರು ವರ್ಷದಿಂದ ಜನಕ್ಕೆ ಇದರ ಪರಿಚಯ ಇದೆ. ಶಂಖದಲ್ಲಿದೆ, ಮುಖದಲ್ಲಿದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನು ನಾನು ನಂಬಲ್ಲ, ಆದರೆ ಇಲ್ಲಿ ಅದು ಯಾರೂ ಕರೆಯದೇ ತಾನಾಗಿ ಬಂದಿದೆ. ಅನುಪಾತ 1.618 ಮುಟ್ಟಿದರೆ ತ್ರಿಭುಜ ಮಲಗಿಬಿಡುತ್ತದೆ, ದಾಟಿದರೆ ಕೂಡಿಕೊಳ್ಳುವುದೇ ಇಲ್ಲ.

ಈಗ ಕೋನಗಳ ಕಡೆ ಬರೋಣ. ನನಗೆ ಜಾಸ್ತಿ ಇಷ್ಟ ಆಗಿದ್ದು ಇದು. ಅನುಪಾತ 1 ಅಂದರೆ ಮೂರು ಬಾಹುವೂ ಸಮ, ಮೂರು ಕೋನವೂ 60. ಅಲ್ಲಿಂದ ಮೆಲ್ಲಗೆ ಮೇಲೆ ಹೋದೆ. 1.1 ಕ್ಕೆ ಕೋನಗಳು ಸುಮಾರು 51, 59, 70. 1.2 ಕ್ಕೆ 43, 55, 81. ಒಂದೂವರೆಗೆ ಆಗಲೇ ನೋಡಿದ 21, 32, 127. 1.6 ಕ್ಕೆ 8, 13, 159. ದೊಡ್ಡ ಕೋನ 60 ರಿಂದ ಹೊರಟು 180 ರ ಕಡೆ ಓಡುತ್ತದೆ, ಚಿಕ್ಕದು ಸೊನ್ನೆ ಕಡೆ ಇಳಿಯುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ. ನಡುವಿನ ಕೋನ ನೋಡಿ. ಅದು ಯಾವತ್ತೂ 60 ದಾಟಲ್ಲ. ಮೂರು ಕೋನಗಳ ಸರಾಸರಿ ಯಾವಾಗಲೂ 60. ಬೇರೆ ತ್ರಿಭುಜಗಳಲ್ಲಿ ನಡುವಿನ ಕೋನ 60 ರ ಆ ಕಡೆನೂ ಇರಬಹುದು, ಈ ಕಡೆನೂ ಇರಬಹುದು. 20, 75, 85 ಅಂತ ಒಂದು ತ್ರಿಭುಜ ಬರೆಯಿರಿ, ಯಾರೂ ಬೇಡ ಅನ್ನಲ್ಲ. ಗುಣೋತ್ತರ ಶ್ರೇಢಿಯ ಮನೆಯಲ್ಲಿ ಅದು ನಡೆಯಲ್ಲ.

ಯಾಕೆ ಅನ್ನೋದಕ್ಕೆ ಕಾರಣ ನಾಲ್ಕು ಸಾಲು. ಪಿಯುಸಿಯ ಕೊಸೈನ್ ನಿಯಮ ಗೊತ್ತಿದ್ದರೆ ಸಾಕು. ನಡುವಿನ ಕೋನದ ಕೊಸೈನ್ ಬೇಕು ಅಂದರೆ ಚಿಕ್ಕ ಬಾಹುವಿನ ವರ್ಗ, ದೊಡ್ಡ ಬಾಹುವಿನ ವರ್ಗ ಕೂಡಿ, ನಡು ಬಾಹುವಿನ ವರ್ಗ ಕಳೆದು, ಚಿಕ್ಕದು ದೊಡ್ಡದರ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಗುಣೋತ್ತರ ಶ್ರೇಢಿ ಆದ್ದರಿಂದ ನಡು ಬಾಹುವಿನ ವರ್ಗ ಅಂದರೆ ಚಿಕ್ಕದು ಗುಣಿಸು ದೊಡ್ಡದೇ. 8, 12, 18 ನ್ನು ಅರ್ಧ ಮಾಡಿದರೆ 4, 6, 9, ಕೋನಗಳು ಅವೇ. ಅದರಲ್ಲಿ 6 ರ ವರ್ಗ 36, ನಾಲ್ಕೊಂಬತ್ತಲಿ ಮೂವತ್ತಾರು, ಹಾಗೆ. ಇನ್ನು ಯಾವುದೇ ಎರಡು ಸಂಖ್ಯೆ ತೆಗೆದುಕೊಂಡರೂ ಅವುಗಳ ವರ್ಗಗಳ ಮೊತ್ತ ಅವುಗಳ ಗುಣಲಬ್ಧದ ಎರಡರಷ್ಟಕ್ಕಿಂತ ಕಡಿಮೆ ಆಗಲ್ಲ, ಯಾಕೆಂದರೆ ವ್ಯತ್ಯಾಸದ ವರ್ಗ ಋಣ ಆಗಲ್ಲ. ಹಾಗಾಗಿ ಮೇಲೆ ಎರಡು ಗುಣಲಬ್ಧದಷ್ಟಾದರೂ ಇದೆ, ಅದರಲ್ಲಿ ಒಂದು ಹೋಯಿತು, ಕಡೇ ಪಕ್ಷ ಒಂದು ಉಳಿಯಿತು. ಕೆಳಗೆ ಎರಡು ಗುಣಲಬ್ಧ ಇದೆ. ಅರ್ಧ. 60 ರ ಕೊಸೈನ್ ಅರ್ಧ, ಕೋನ ದೊಡ್ಡದಾದಷ್ಟೂ ಕೊಸೈನ್ ಇಳಿಯುತ್ತದೆ. ಹಾಗಾಗಿ ಕೊಸೈನ್ ಅರ್ಧಕ್ಕಿಂತ ಕಡಿಮೆ ಇಲ್ಲ ಅಂದರೆ ಕೋನ 60 ಕ್ಕಿಂತ ಜಾಸ್ತಿ ಇಲ್ಲ. ಅರ್ಧದ ಮೇಲೆ ಎಷ್ಟು ಜಾಸ್ತಿ ಅನ್ನೋದು ಚಿಕ್ಕ ಬಾಹುವಿಗೂ ದೊಡ್ಡ ಬಾಹುವಿಗೂ ಇರುವ ವ್ಯತ್ಯಾಸದ ವರ್ಗದ ಮೇಲೆ ನಿಂತಿದೆ. ಅವೆರಡೂ ದೂರ ಆದಷ್ಟೂ ನಡುವಿನ ಕೋನ ಕುಗ್ಗುತ್ತದೆ.

ಇದನ್ನು ಬರೆದು ಮುಗಿಸಿದಾಗ ಒಲೆ ಮೇಲೆ ಇಟ್ಟ ಹಾಲು ಉಕ್ಕಿತ್ತು.

1.2 ಕ್ಕೆ ದೊಡ್ಡ ಕೋನ 81, 1.3 ಕ್ಕೆ 94 ಹತ್ತಿರ. ಹಾಗಾದರೆ ನಡುವೆ ಎಲ್ಲೋ ಸರಿಯಾಗಿ 90 ಆಗಲೇಬೇಕು ಅಲ್ವಾ? ಪೈಥಾಗೊರಸ್ ಹಾಕಿ ನೋಡಿ. 1 ಕ್ಕೆ ಅನುಪಾತದ ವರ್ಗ ಕೂಡಿದರೆ ಅನುಪಾತದ ನಾಲ್ಕನೇ ಘಾತ ಬರಬೇಕು. ಆಗಲೇ ಬಿಡಿಸಿದ ಸಮೀಕರಣವೇ ಇದು, ಅನುಪಾತದ ಜಾಗದಲ್ಲಿ ಅದರ ವರ್ಗ ಕೂತಿದೆ. ಹಾಗಾಗಿ ಅನುಪಾತದ ವರ್ಗ 1.618, ಅನುಪಾತ 1.272. ಬಾಹುಗಳು 1, 1.272, 1.618. ಗಡಿಯಲ್ಲಿ ಸಿಕ್ಕಿದ ಅದೇ ಸಂಖ್ಯೆ ಲಂಬಕೋನದ ಹತ್ತಿರ ಮತ್ತೆ ಸಿಕ್ಕಿತು. ಉಳಿದ ಎರಡು ಕೋನ 38.17 ಮತ್ತು 51.83. ಪೂರ್ಣಾಂಕಗಳಲ್ಲಿ ಇಂಥ ಲಂಬಕೋನ ತ್ರಿಭುಜ ಹುಡುಕಬೇಡಿ, ಆ 5 ರ ವರ್ಗಮೂಲ ಅಡ್ಡ ಇರುವುದರಿಂದ ಸಿಗಲ್ಲ.

ಇದಕ್ಕೆ ಕೆಪ್ಲರ್ ತ್ರಿಭುಜ ಅಂತ ಹೆಸರು. ಗ್ರಹಗಳ ಚಲನೆಯ ಮೂರು ನಿಯಮ ಹೇಳಿದ ಜೋಹಾನ್ಸ್ ಕೆಪ್ಲರ್ 1597 ರಲ್ಲಿ ತನ್ನ ಗುರು ಮೆಸ್ಟ್ಲಿನ್‌ಗೆ ಬರೆದ ಪತ್ರದಲ್ಲಿ ಇದರ ಬಗ್ಗೆ ಹೇಳಿದ್ದಾನೆ. ಅವನು ಗಮನಿಸಿದ್ದನ್ನು ಸ್ಕೇಲ್ ಇಟ್ಟು ನೀವೇ ನೋಡಬಹುದು. 10, 12.7, 16.2 ಸೆಂಟಿಮೀಟರಿನ ತ್ರಿಭುಜ ಬರೆಯಿರಿ. ಲಂಬಕೋನದ ಮೂಲೆಯಿಂದ ವಿಕರ್ಣಕ್ಕೆ ಲಂಬ ಎಳೆಯಿರಿ. ಅದು ವಿಕರ್ಣವನ್ನು ಎರಡು ತುಂಡು ಮಾಡುತ್ತದೆ, ಒಂದು 6.2, ಇನ್ನೊಂದು 10. ಆ ದೊಡ್ಡ ತುಂಡು ತ್ರಿಭುಜದ ಚಿಕ್ಕ ಬಾಹುಗೆ ಸಮ. ಕಾಗದ ಮಡಿಸಿ ಒಂದರ ಮೇಲೊಂದು ಕೂರಿಸಿದೆವು, ಕೂತುಕೊಂಡವು.

ಈ 51.83 ಡಿಗ್ರಿ ಕೇಳಿದ ಕೂಡಲೇ ಹತ್ತನೇ ಕ್ಲಾಸಿನ ಒಬ್ಬ ಹುಡುಗ, "ಮಿಸ್, ಪಿರಮಿಡ್!" ಅಂದ, ಯಾವುದೋ ವಿಡಿಯೊದಲ್ಲಿ ನೋಡಿದ್ದನಂತೆ. ಗೀಜಾದ ದೊಡ್ಡ ಪಿರಮಿಡ್ಡಿನ ಇಳಿಜಾರು ಹೆಚ್ಚುಕಮ್ಮಿ ಇಷ್ಟೇ ಇರುವುದು ನಿಜ. ಆದರೆ ಈಜಿಪ್ಟಿನವರು ಇಳಿಜಾರನ್ನು ಬೇರೆ ಥರ ಲೆಕ್ಕ ಹಾಕುತ್ತಿದ್ದರು, ಏಳು ಅಂಗೈ ಎತ್ತರ ಹೋದರೆ ಎಷ್ಟು ಅಂಗೈ ಒಳಕ್ಕೆ ಸರಿಯಬೇಕು ಅಂತ. ಐದೂವರೆ ಸರಿದರೆ 7 ಭಾಗಿಸು 5.5, ಅಂದರೆ 1.2727. ನಮ್ಮ 1.2720 ಗೆ ಅಷ್ಟು ಹತ್ತಿರ ಇರುವುದು ಕಾಕತಾಳೀಯ ಅಂತಲೇ ನನ್ನ ಅನಿಸಿಕೆ. ಅಂಗೈ ಲೆಕ್ಕದಲ್ಲೇ ಆ ಇಳಿಜಾರು ಸಿಗುವಾಗ ಸುವರ್ಣ ಅನುಪಾತವನ್ನು ಅಲ್ಲಿಗೆ ಎಳೆದು ತರೋ ಅಗತ್ಯ ಇಲ್ಲ. ಹುಡುಗನಿಗೆ ಸ್ವಲ್ಪ ಬೇಜಾರಾಯಿತು.

ಪಿರಮಿಡ್ಡಿನಷ್ಟು ದೂರ ಯಾಕೆ, ಜೆರಾಕ್ಸ್ ಅಂಗಡಿಗೆ ಹೋಗಿ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಅದನ್ನು ಅರ್ಧಕ್ಕೆ ಮಡಿಸಿದರೆ ಎ5, 148 ಅಗಲ, 210 ಉದ್ದ. ಎರಡು ಎ4 ಪಕ್ಕಪಕ್ಕ ಇಟ್ಟರೆ ಎ3, 297 ಅಗಲ, 420 ಉದ್ದ. ಅರ್ಧ ಮಾಡಿದರೂ ಹಾಳೆಯ ಆಕಾರ ಬದಲಾಗಬಾರದು ಅಂದರೆ ಉದ್ದ ಅಗಲದ ಅನುಪಾತ 2 ರ ವರ್ಗಮೂಲ, ಅಂದರೆ 1.414 ಇರಲೇಬೇಕು. 1922 ರಲ್ಲಿ ಜರ್ಮನಿಯಲ್ಲಿ ನಿಗದಿ ಮಾಡಿದ ಅಳತೆ ಇದು, ಈಗ ನಮ್ಮೂರಿನ ಪಹಣಿ ಜೆರಾಕ್ಸಿನವರೆಗೂ ಬಂದಿದೆ. ಈಗ ಆ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. 148, 210, 297, 420. ಗುಣೋತ್ತರ ಶ್ರೇಢಿ! ಮೊದಲ ಮೂರರಿಂದ ಒಂದು ತ್ರಿಭುಜ, ಕೊನೆ ಮೂರರಿಂದ ಒಂದು ತ್ರಿಭುಜ. ಕೋನಗಳು ಎರಡಕ್ಕೂ 27.9, 41.4, 110.7. ನಡುವಿನ ಕೋನದ ಕೊಸೈನ್ ಸರಿಯಾಗಿ ಮುಕ್ಕಾಲು. ಐದು ಸಮ, ಸರ್ವಸಮ ಅಲ್ಲ. ಮಿಲಿಮೀಟರಿನ ಚಿಲ್ಲರೆ ಬಿಟ್ಟರೆ ಲೆಕ್ಕ ಪಕ್ಕಾ. ಇದಕ್ಕೆ ಸ್ಕೇಲೂ ಬೇಡ, ಹಾಳೆಯ ಅಂಚಿಗೆ ಕಡ್ಡಿ ಹಿಡಿದು ಮುರಿದರೆ ಆಯಿತು. ಹುಡುಗಿ ತನ್ನ ಉತ್ತರಪತ್ರಿಕೆಯ ಹಾಳೆಯನ್ನೇ ಅಳತೆಗೆ ಇಟ್ಟುಕೊಂಡಳು.

ಇನ್ನೊಂದು ಸಣ್ಣ ವಿಷಯ. 4, 6, 9 ರ ತ್ರಿಭುಜದಲ್ಲಿ ಮೂರು ಮೂಲೆಯಿಂದ ಎದುರು ಬಾಹುಗೆ ಲಂಬ ಎಳೆದರೆ ಆ ಲಂಬಗಳ ಉದ್ದ 9, 6, 4 ರ ಅನುಪಾತದಲ್ಲೇ ಬರುತ್ತದೆ, ತಿರುಗುಮುರುಗು. ವಿಸ್ತೀರ್ಣ ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅದೇ ಆದ್ದರಿಂದ ಬಾಹು ಚಿಕ್ಕದಾದಷ್ಟೂ ಎತ್ತರ ಜಾಸ್ತಿ. ಹಾಗಾಗಿ ಮೂರು ಎತ್ತರಗಳನ್ನೇ ಬಾಹು ಮಾಡಿ ಹೊಸ ತ್ರಿಭುಜ ಕಟ್ಟಿದರೆ ಅದರ ಕೋನಗಳೂ 127, 32, 21. ಗುಣೋತ್ತರ ಶ್ರೇಢಿಯ ಯಾವ ತ್ರಿಭುಜಕ್ಕಾದರೂ ಇದು ನಿಜ.

ಇಲ್ಲಿವರೆಗೆ ಬಂದದ್ದು ಬಹುಪಾಲು ನನ್ನ ಲೆಕ್ಕ. ಇನ್ನು ಹೇಳೋದು ಹುಡುಗಿಯದು.

ಅವಳಿಗೆ ದಶಮಾಂಶ ಬೇಡ, ಪೂರ್ಣಾಂಕವೇ ಬೇಕು. 8, 12, 18, 27 ಕ್ಕಿಂತ ಚಿಕ್ಕ ಸಂಖ್ಯೆಗಳ ಜೋಡಿ ಇದೆಯಾ ಅಂತ ಹುಡುಕುತ್ತಿದ್ದಳು. ಇಲ್ಲ ಅಂತ ಅವಳಿಗೇ ಗೊತ್ತಾಯಿತು. 2 ಮತ್ತು 3 ರ ಘನಗಳು ಎರಡು ತುದಿಯಲ್ಲಿ, 8 ಮತ್ತು 27. ಅದಕ್ಕಿಂತ ಕೆಳಗೆ 1 ಮತ್ತು 2 ಇಟ್ಟರೆ 1, 2, 4, 8, ಅದು ಕೂಡಲ್ಲ. ಮುಂದಿನದು 3 ಮತ್ತು 4. ಅದಕ್ಕೆ 27, 36, 48, 64. ಅದನ್ನೂ ಕಡ್ಡಿಯಲ್ಲಿ ಮಾಡಿದಳು, ದೊಡ್ಡ ಕೋನ 98 ಬಂತು. ಆಮೇಲೆ ಗಡಿಯ ಹತ್ತಿರ ಹೋಗಿ ನೋಡೋಣ ಅಂತ 3 ಮತ್ತು 5 ಹಿಡಿದಳು. ಈ ಸಲ ಒಂದೇ ತ್ರಿಭುಜ ಸಾಕು, ಎರಡರ ವರ್ಗಗಳು ಎರಡು ತುದಿಯಲ್ಲಿ, ಗುಣಲಬ್ಧ ನಡುವೆ. 9, 15, 25. ಕಡ್ಡಿ ಇಟ್ಟಳು, ಕೂಡಲಿಲ್ಲ. 9 ಮತ್ತು 15 ಸೇರಿ 24. ಎರಡು ಕಡ್ಡಿಗಳನ್ನೂ 25 ರ ಮೇಲೇ ಮಲಗಿಸಿದರೂ ನಡುವೆ ಒಂದು ಸೆಂಟಿಮೀಟರ್ ಖಾಲಿ. "ಒಂದೇ ಒಂದು ಸೆಂಟಿಮೀಟರ್ ಅತ್ತೆ" ಅಂತ ಎಷ್ಟು ಬೇಜಾರು ಮಾಡಿಕೊಂಡಳು ಅಂದರೆ! ಆಮೇಲೆ 5 ಮತ್ತು 8. ಅದಕ್ಕೆ 25, 40, 64. 25 ಮತ್ತು 40 ಸೇರಿ 65. ಈ ಸಲ ಒಂದೇ ಸೆಂಟಿಮೀಟರ್ ಜಾಸ್ತಿ, ಕೂಡಿಕೊಂಡಿತು. 64 ಸೆಂಟಿಮೀಟರ್ ಉದ್ದದ ತಳದ ಮೇಲೆ ಐದೂವರೆ ಸೆಂಟಿಮೀಟರ್ ಎತ್ತರದ ಉಬ್ಬು. ಒಂದು ಸೆಂಟಿಮೀಟರ್ ಮಿಕ್ಕಿದ್ದಕ್ಕೆ ಅಷ್ಟು ಎತ್ತರ ಏಳುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಹಿಂದಕ್ಕೆ ಹೋಗಿ ನೋಡಿದಳು. 4, 6, 9 ರಲ್ಲಿ 10 ಕ್ಕೂ 9 ಕ್ಕೂ ಒಂದು ವ್ಯತ್ಯಾಸ. 1, 2, 4 ರಲ್ಲಿ 3 ಕ್ಕೂ 4 ಕ್ಕೂ ಒಂದು. ಮುಂದಕ್ಕೆ ಹೋದಳು. 8 ಮತ್ತು 13 ಕ್ಕೆ 64, 104, 169. 64 ಮತ್ತು 104 ಸೇರಿ 168. ಒಂದು ಕಡಿಮೆ. 13 ಮತ್ತು 21 ಕ್ಕೆ 169, 273, 441. ಮೊತ್ತ 442. ಒಂದು ಜಾಸ್ತಿ. ಒಂದು ಕೂಡುತ್ತೆ, ಒಂದು ಕೂಡಲ್ಲ, ಒಂದು ಕೂಡುತ್ತೆ, ಒಂದು ಕೂಡಲ್ಲ. ವ್ಯತ್ಯಾಸ ಮಾತ್ರ ಯಾವಾಗಲೂ ಒಂದು.

1, 2, 3, 5, 8, 13, 21. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಫಿಬೊನಾಚಿ ಸಂಖ್ಯೆಗಳು ಅಂತ ಪುಸ್ತಕದಲ್ಲಿ ಇರುತ್ತದೆ. ಅವನು ಬರೆದದ್ದು 1202 ರಲ್ಲಿ. ಅದಕ್ಕೂ ಮುಂಚೆ, ಸುಮಾರು 1150 ರಲ್ಲಿ, ಗುಜರಾತಿನ ಜೈನ ಪಂಡಿತ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇವನ್ನೇ ಹೇಳಿದ್ದ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಯ ಸಾಲನ್ನು ಎಷ್ಟು ಥರ ತುಂಬಬಹುದು ಅಂತ ಎಣಿಸುತ್ತಾ ಹೋದರೆ 1, 2, 3, 5, 8 ಅಂತಲೇ ಬರುತ್ತದೆ. ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕೋ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು. ವ್ಯತ್ಯಾಸ ಯಾಕೆ ಒಂದೇ ಅನ್ನೋದಕ್ಕೂ ಕಾರಣ ಇದೆ. 25 ಕ್ಕೆ 40 ಕೂಡೋದು ಅಂದರೆ 5 ನ್ನು 5 ಮತ್ತು 8 ರ ಮೊತ್ತದಿಂದ ಗುಣಿಸೋದು, ಅಂದರೆ 5 ಗುಣಿಸು 13. ಅದರ ಎದುರಿಗಿರೋದು 8 ರ ವರ್ಗ. ಈ ಸಾಲಿನಲ್ಲಿ ಯಾವ ಸಂಖ್ಯೆಯ ವರ್ಗಕ್ಕೂ ಅದರ ಅಕ್ಕಪಕ್ಕದ ಎರಡರ ಗುಣಲಬ್ಧಕ್ಕೂ ಒಂದರ ವ್ಯತ್ಯಾಸ ಇದ್ದೇ ಇರುತ್ತದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಕ್ಯಾಸಿನಿ ಅನ್ನುವ ಖಗೋಳ ವಿಜ್ಞಾನಿ 1680 ರಲ್ಲಿ ಹೇಳಿದ್ದು. ನಮ್ಮ ಹುಡುಗಿಗೆ ಆ ಹೆಸರು ಗೊತ್ತಿರಲಿಲ್ಲ, ಪೊರಕೆ ಕಡ್ಡಿಯಲ್ಲಿ ಕಂಡಿತು.

169, 273, 441 ಕ್ಕೆ ಪೊರಕೆ ಕಡ್ಡಿ ಸಾಲಲ್ಲ. ಮೊದಲು ಟೊಮೆಟೊ ಗಿಡ ಕಟ್ಟೋ ದಾರದಲ್ಲಿ ಗಂಟು ಹಾಕಿ ಮೂರು ಜನ ಹಿಡಿದೆವು. ದಾರ ಎಳೆದರೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ, ಕೆಲಸಕ್ಕೆ ಬರಲಿಲ್ಲ. ಹೋದ ಭಾನುವಾರ ಅಣ್ಣ ಸ್ಟೀಲ್ ಟೇಪು ತಂದುಕೊಟ್ಟ. ಅಂಗಳ ಗುಡಿಸಿ, ನೀರು ಚಿಮುಕಿಸಿ, 441 ಸೆಂಟಿಮೀಟರಿನ ಗೆರೆಯನ್ನು ರಂಗೋಲಿ ಪುಡಿಯಲ್ಲಿ ಎಳೆದೆವು. ನಾನು ಒಂದು ತುದಿಯಲ್ಲಿ ಟೇಪು ಒತ್ತಿ ಹಿಡಿದೆ, ಅವಳು 169 ರ ಹತ್ತಿರ ಪುಡಿ ಬಿಡುತ್ತಾ ಕಮಾನು ಎಳೆದಳು. ಆಮೇಲೆ ಆ ತುದಿಯಿಂದ 273 ಕ್ಕೆ ಇನ್ನೊಂದು ಕಮಾನು. ಎರಡೂ ಕಮಾನು ಸೇರಿದ ಜಾಗದಿಂದ ಗೆರೆಗೆ ಅಳೆದರೆ 14 ಸೆಂಟಿಮೀಟರ್ ಮತ್ತು ಒಂದಿಷ್ಟು. ಲೆಕ್ಕದಲ್ಲಿ ನನಗೆ 14.4 ಬಂದಿತ್ತು. ನಾಲ್ಕೂವರೆ ಮೀಟರಿಗೆ ಹತ್ತಿರದ ಗೆರೆ, ಅದರ ಮೇಲೆ ಗೇಣಿಗಿಂತ ಕಡಿಮೆ ಉಬ್ಬು, ಆ ಮೂಲೆಯ ಕೋನ 172.

ಅದರ ಪಕ್ಕದಲ್ಲೇ 64, 104, 169 ನ್ನೂ ಎಳೆದಳು. ಎರಡು ಕಮಾನುಗಳು ಗೆರೆಯ ಮೇಲೆ ಹತ್ತಿರ ಹತ್ತಿರ ಬಂದು ಒಂದು ಬೆರಳಗಲ ಬಿಟ್ಟು ನಿಂತವು. ಅಮ್ಮ ಹಾಲಿನ ಚೊಂಬು ಹಿಡಿದು ಬಂದವಳು ನಿಂತು ನೋಡಿ, "ಇದೇನ್ರೇ ಇದು, ಚುಕ್ಕಿನೂ ಇಲ್ಲ ಎಳೆನೂ ಇಲ್ಲ, ಒಂದು ಕೂಡಿಲ್ಲ ಬೇರೆ" ಅಂದಳು.

"ಅದು ಕೂಡಲ್ಲ ಅಜ್ಜಿ, ಒಂದು ಕಡಿಮೆ ಇದೆ" ಅಂದಳು ಹುಡುಗಿ, ಟೇಪು ಸುತ್ತುತ್ತಾ.